ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಗಾಳದ ದೋಣಿ ಎಷ್ಟು ಹೊತ್ತಿಗೆ ಹೊರಡಬೇಕು?

ಬಾಡಿಗೆ ದೋಣಿ ಗೊತ್ತುಮಾಡಿಕೊಂಡು ಗಾಳ ಹಾಕಲು ಹೋಗುವವರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹೊತ್ತಿನ ಬಗ್ಗೆಯೇ ಇದ್ದವು. ಒಂದೇ ಬಗೆಯವನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ನಾಲ್ಕು ಜನ, ಎಲ್ಲರಿಗೂ ಇದು ಮೊದಲ ಸಲ. ದೋಣಿಯವರು ಬೆಳಿಗ್ಗೆ 6ರಿಂದ 11, ಮಧ್ಯಾಹ್ನ 1ರಿಂದ 6 ಎಂದು ಎರಡು ಪಾಳಿ ಹೇಳಿದ್ದಾರೆ. ಬಾಡಿಗೆ ಎರಡಕ್ಕೂ ಒಂದೇ. ಯಾವುದನ್ನು ಹಿಡಿಯೋಣ?

ಉತ್ತರ: ಮೊದಲ ಸಲವಾದರೆ ಬೆಳಗಿನ ಪಾಳಿ ಹಿಡಿಯಿರಿ. ಮೀನು ಬೆಳಿಗ್ಗೆ ಮಾತ್ರ ಕಚ್ಚುತ್ತದೆ ಎಂದಲ್ಲ, ಮುಖ್ಯ ಕಾರಣ ಗಾಳಿ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ಕಡಲ ಕಡೆಯಿಂದ ತಂಪುಗಾಳಿ ನುಗ್ಗುತ್ತದೆ. ಸಾಮಾನ್ಯವಾಗಿ 10-11 ಗಂಟೆಯ ಹೊತ್ತಿಗೆ ಶುರುವಾಗುವ ಈ ಗಾಳಿ 2ರಿಂದ 4ರ ನಡುವೆ ಜೋರಾಗಿ, ಸಂಜೆಗೆ ಇಳಿಯುತ್ತದೆ. ನಿಮ್ಮ 1ರಿಂದ 6ರ ಪಾಳಿಯ ಮೊದಲ ಮೂರು ಗಂಟೆ ಸರಿಯಾಗಿ ಈ ಗಾಳಿಯ ಬಾಯಿಗೇ ಬೀಳುತ್ತದೆ. ಗಾಳ ಹಿಡಿದು ಅಭ್ಯಾಸವಿಲ್ಲದವರು ಕುಲುಕುವ ದೋಣಿಯಲ್ಲಿ ನಿಲ್ಲುವುದಕ್ಕೇ ಒದ್ದಾಡುತ್ತಾರೆ. ಗಾಳದ ದಾರ ಗಾಳಿಗೆ ಬಿಲ್ಲಿನಂತೆ ಬಾಗಿ, ಮೀನು ಮುಟ್ಟಿದ್ದು ಕೈಗೆ ಗೊತ್ತೇ ಆಗುವುದಿಲ್ಲ.

ಎರಡನೆಯ ಕಾರಣ ಬೆಳಕು. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು ರಾತ್ರಿ ಮೇಲಕ್ಕೆ ಬಂದು ಬೆಳಗಾಗುತ್ತಲೇ ಆಳಕ್ಕೆ ಇಳಿಯುತ್ತವೆ. ಅವನ್ನು ತಿನ್ನಲು ಬಂದ ಬೂತಾಯಿ, ಬಂಗುಡೆಯಂಥ ಸಣ್ಣ ಮೀನುಗಳು ನಸುಕಿನಲ್ಲಿ ಇನ್ನೂ ಮೇಲುನೀರಿನಲ್ಲೇ ಇರುತ್ತವೆ. ಕೆಳಗಿನಿಂದ ನೋಡುವ ಅಂಜಲ್‌ನಂಥ ಬೇಟೆಯ ಮೀನಿಗೆ ಅವು ಬೆಳಗುತ್ತಿರುವ ಆಕಾಶದ ಎದುರು ಕಪ್ಪು ನೆರಳಾಗಿ ಕಾಣುತ್ತವೆ, ಅದು ಮಾತ್ರ ಕೆಳಗಿನ ಕತ್ತಲೆಯಲ್ಲಿ ಮರೆಯಾಗಿಯೇ ಇರುತ್ತದೆ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಹುಟ್ಟಿದ ಒಂದು ಗಂಟೆಯವರೆಗೆ ಈ ಅನುಕೂಲ ನಡೆಯುತ್ತದೆ. ಮೋಡ ಮುಚ್ಚಿದ ದಿನ ಇನ್ನೂ ಒಂದೆರಡು ಗಂಟೆ ಎಳೆಯುವುದುಂಟು.

ಇಲ್ಲಿಯೇ ಬಹಳ ಜನ ಎಡವುವುದು. 6ಕ್ಕೆ ಹೊರಡುವ ದೋಣಿ 6:15ರ ಸೂರ್ಯೋದಯಕ್ಕೆ ಇನ್ನೂ ಬಂದರಿನ ಬಾಯಲ್ಲೇ ಇರುತ್ತದೆ. ಮೀನಿನ ಜಾಗ ಒಂದು ಗಂಟೆ ದೂರವಿದ್ದರೆ ಗಾಳ ನೀರಿಗೆ ಬೀಳುವಾಗ 7 ಗಂಟೆ. ನೀವು ಯಾವುದಕ್ಕಾಗಿ ಬೇಗ ಎದ್ದಿರೋ ಅದು ಆಗಲೇ ಮುಗಿಯುತ್ತ ಬಂದಿರುತ್ತದೆ. ಆದ್ದರಿಂದ "ಎಷ್ಟು ಗಂಟೆಗೆ ಹೊರಡುತ್ತೀರಿ" ಎಂದು ಕೇಳಬೇಡಿ, "ಮೊದಲ ಗಾಳ ಎಷ್ಟು ಗಂಟೆಗೆ ನೀರಿಗೆ ಬೀಳುತ್ತದೆ" ಎಂದು ಕೇಳಿ. 5 ಗಂಟೆಗೆ ಹೊರಡಲು ಒಪ್ಪುವ ತಂಡೇಲರು (ದೋಣಿ ನಡೆಸುವವರು) ಸಿಕ್ಕರೆ ಅವರ ದೋಣಿಯನ್ನೇ ಹಿಡಿಯಿರಿ.

ಮಧ್ಯಾಹ್ನದ ಪಾಳಿಯೇ ಅನಿವಾರ್ಯವಾದರೆ ಅದನ್ನು 2:30ರಿಂದ 7:30ಕ್ಕೆ ಸರಿಸಲು ಸಾಧ್ಯವೇ ಎಂದು ವಿಚಾರಿಸಿ. ಗಾಳಿ ಇಳಿಯುವ ಹೊತ್ತು, ಸೂರ್ಯ ಮುಳುಗುವ ಹೊತ್ತು ಎರಡೂ ಅದರೊಳಗೆ ಬರುತ್ತವೆ. ಬೆಳಗಿನ ಪಾಳಿಯಲ್ಲಿ ಮೀನು ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ತಂಡೇಲರಿಗೆ ಅಷ್ಟರಲ್ಲಿ ಗೊತ್ತಿರುತ್ತದೆ, ಅದೂ ಸಣ್ಣ ಲಾಭವಲ್ಲ. ಕತ್ತಲಲ್ಲಿ ಮರಳಬೇಕಾದ್ದರಿಂದ ದೋಣಿಯ ದೀಪಗಳು ಉರಿಯುತ್ತವೆಯೇ, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯೇ ಎಂದು ಹತ್ತುವ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಉಬ್ಬರ ಇಳಿತದ ಪಟ್ಟಿ ನೋಡಿ ದಿನ ಗೊತ್ತುಮಾಡಿ ಎನ್ನುತ್ತಾರೆ. ಪಟ್ಟಿಯಲ್ಲಿ ನಾಲ್ಕು ಸಮಯ, ನಾಲ್ಕು ಎತ್ತರ ಬಿಟ್ಟರೆ ಬೇರೇನೂ ಇಲ್ಲ. ಅದರಿಂದ ಒಳ್ಳೆಯ ಹೊತ್ತನ್ನು ಹೇಗೆ ತೆಗೆಯುವುದು?

ಉತ್ತರ: ನಮ್ಮ ಮಟ್ಟಿಗೆ ಹೊತ್ತಿನ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ, ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಬಂಡೆ, ಅಳಿವೆ, ಕಾಲುವೆಯ ಬಾಯಿ ಇಂಥ ಕಡೆ ಮೀನು ಕಚ್ಚುವುದು ನೀರು ಹರಿಯುವಾಗ. ಹರಿವು ಸಣ್ಣ ಮೀನು, ಸಿಗಡಿಗಳನ್ನು ಹೊತ್ತು ತರುತ್ತದೆ. ದೊಡ್ಡ ಮೀನು ಬಂಡೆಯ ಮರೆಯಲ್ಲಿ, ಹರಿವು ಮುರಿಯುವ ಸುಳಿಯಲ್ಲಿ ನಿಂತು ಬಂದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ನೀರು ನಿಂತಾಗ ಅದಕ್ಕೆ ಅಲ್ಲಿ ನಿಲ್ಲುವ ಕಾರಣವೇ ಇರುವುದಿಲ್ಲ.

ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇಳಿತದ ತಳದಿಂದ ಉಬ್ಬರದ ತುದಿಗೆ ಸುಮಾರು 6 ಗಂಟೆ 12 ನಿಮಿಷ. ಆ ಆರು ಗಂಟೆಯಲ್ಲಿ ನೀರು ಒಂದೇ ಸಮ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3, ಐದರಲ್ಲಿ 2, ಆರರಲ್ಲಿ 1. ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ. ಇಳಿಯುವಾಗಲೂ ಇದೇ ಲೆಕ್ಕ.

ಉದಾಹರಣೆಗೆ ಪಟ್ಟಿಯಲ್ಲಿ ಇಳಿತ 5:40, ಉಬ್ಬರ 11:52 ಎಂದಿದೆ ಅನ್ನಿ. ಜೋರಾದ ಹರಿವು ಸುಮಾರು 7:45ರಿಂದ 9:50ರವರೆಗೆ. 6ರಿಂದ 11ರ ಪಾಳಿಗೆ ಇದಕ್ಕಿಂತ ಒಳ್ಳೆಯ ದಿನ ಬೇಕಿಲ್ಲ. ಉಬ್ಬರ ಇಳಿತಗಳು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಮೂರು ದಿನ ಬಿಟ್ಟು ಹೋದರೆ ಇಳಿತ 8:10ರ ಹೊತ್ತಿಗೆ ಬಂದು, ಪಾಳಿಯ ನಟ್ಟನಡುವೆ ನೀರು ಸತ್ತು ನಿಲ್ಲುತ್ತದೆ. ಒಂದೇ ದೋಣಿ, ಅದೇ ಪಾಳಿ, ಅದೇ ಬಂಡೆ, ಆದರೂ ಒಂದು ದಿನ ಬುಟ್ಟಿ ತುಂಬಿ ಇನ್ನೊಂದು ದಿನ ಬರಿಗೈ ಆಗುವುದರ ಹಿಂದೆ ಬಹಳ ಸಲ ಇಷ್ಟೇ ಇರುತ್ತದೆ.

ಅಮಾವಾಸ್ಯೆ, ಹುಣ್ಣಿಮೆಗಳ ಮಾರನೆಯ ಒಂದೆರಡು ದಿನ ಉಬ್ಬರ ಇಳಿತಗಳ ಅಂತರ ದೊಡ್ಡದು, ಹರಿವೂ ಬಿರುಸು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ತೀರದ ಹತ್ತಿರ, ಅಳಿವೆಯಲ್ಲಿ ಗಾಳ ಹಾಕುವವರಿಗೆ ಬಿರುಸು ಹರಿವು ಒಳ್ಳೆಯದು. ಆದರೆ 50-60 ಮೀಟರ್ ಆಳದಲ್ಲಿ ಮುರು ಮೀನು, ಸ್ನ್ಯಾಪರ್‌ಗೆಂದು ತಳಕ್ಕೆ ಗಾಳ ಬಿಡುವುದಾದರೆ ಲೆಕ್ಕ ತಿರುಗುಮುರುಗು. ನಿಂತ ನೀರಿನಲ್ಲಿ 150 ಗ್ರಾಂ ಸೀಸದ ಗುಂಡು ನೇರ ಇಳಿದು ತಳಕ್ಕೆ ಬಡಿದದ್ದು ಕೈಗೆ ತಿಳಿಯುತ್ತದೆ, ದಾರ ಸಡಿಲಾಗುತ್ತದೆ. ಹರಿವು ಏರಿದಂತೆ ಅದೇ ಗುಂಡು ಓರೆಯಾಗಿ ತೇಲಿಹೋಗುತ್ತದೆ, ದಾರ ಬಿಟ್ಟಷ್ಟೂ ಹೋಗುತ್ತಲೇ ಇರುತ್ತದೆ, ತಳ ಸಿಕ್ಕಿತೋ ಇಲ್ಲವೋ ಗೊತ್ತಾಗುವುದಿಲ್ಲ. ಆಗ 300-400 ಗ್ರಾಂ ಕಟ್ಟಿದರೂ ಸಾಲದೆ ಹೋಗಬಹುದು. ಆಳದ ಗಾಳಕ್ಕೆ ಅಷ್ಟಮಿಯ ಸುತ್ತಿನ ದಿನಗಳನ್ನೂ, ನೀರು ತಿರುಗುವ ಮುಂಚಿನ ಹಾಗೂ ನಂತರದ ಮುಕ್ಕಾಲು ಗಂಟೆಯನ್ನೂ ಆರಿಸಿಕೊಳ್ಳಿ.

ಇನ್ನೊಂದು ಎಚ್ಚರ. ಪಟ್ಟಿ ಹೇಳುವುದು ನೀರಿನ ಎತ್ತರವನ್ನು, ಹರಿವನ್ನಲ್ಲ. ಅಳಿವೆ ಮತ್ತು ಇಕ್ಕಟ್ಟಾದ ಕಾಲುವೆಗಳಲ್ಲಿ ಎತ್ತರ ತುದಿ ಮುಟ್ಟಿದ ಮೇಲೂ ಗಂಟೆಗಟ್ಟಲೆ ನೀರು ಒಳಕ್ಕೇ ಹರಿಯುತ್ತಿರಬಹುದು. ಲಂಗರು ಹಾಕಿದ ದೋಣಿಯನ್ನು ನೋಡಿ: ಅದು ಮೆಲ್ಲಗೆ ಅಡ್ಡ ತಿರುಗಿ, ಮೂತಿಯನ್ನು ಎದುರು ದಿಕ್ಕಿಗೆ ಇಟ್ಟಿತೆಂದರೆ ಹರಿವು ತಿರುಗಿತು ಎಂದರ್ಥ. ಬಂಡೆಯ ಬದಿಯ ನೊರೆಯ ಗೆರೆ ಕೂಡ ಅದನ್ನೇ ಹೇಳುತ್ತದೆ. ದಿನಕ್ಕೆ ಒಂದೇ ಉಬ್ಬರ ಬರುವ, ಅಥವಾ ವ್ಯತ್ಯಾಸವೇ ತೀರ ಕಡಿಮೆಯಿರುವ ಕಡಲುಗಳೂ ಇವೆ. ಅಲ್ಲಿ ಈ ಲೆಕ್ಕ ಬಿಟ್ಟು ಬೆಳಕು, ಗಾಳಿಗಳನ್ನೇ ನೆಚ್ಚಬೇಕು.

ಅಳಿವೆ ದಾಟಿ ಹೋಗುವ ದೋಣಿಯಾದರೆ ಮರಳುವ ಹೊತ್ತನ್ನೂ ನೋಡಿಕೊಳ್ಳಿ. ಇಳಿತದ ನೀರು ಹೊರಕ್ಕೆ ನುಗ್ಗುವಾಗ ಎದುರಿನಿಂದ ಗಾಳಿ, ತೆರೆ ಬಂದರೆ ಮರಳದಿಣ್ಣೆಯ ಮೇಲೆ ಅಲೆಗಳು ಕಡಿದಾಗಿ ಎದ್ದು ಒಡೆಯುತ್ತವೆ. ಸಣ್ಣ ದೋಣಿಗಳು ಮಗುಚುವ ಜಾಗಗಳಲ್ಲಿ ಇದೊಂದು. ಕಡಲಗಾಳಿಯ ಮಧ್ಯಾಹ್ನ ಮತ್ತು ಜೋರು ಇಳಿತ ಒಟ್ಟಿಗೆ ಬರುವ ದಿನ ನಿಮ್ಮ ತಂಡೇಲರು "ಬೇಗ ಹೊರಟು ಬೇಗ ಮರಳೋಣ" ಎಂದರೆ ವಾದಿಸಬೇಡಿ.

ಪ್ರಶ್ನೆ: ನಮಗೆ ಸಿಕ್ಕಿರುವುದು 10ರಿಂದ 2ರ ಪಾಳಿ ಮಾತ್ರ. ಹಣ ದಂಡವೇ?

ಉತ್ತರ: ಏನು ಹಿಡಿಯಲು ಹೋಗುತ್ತೀರಿ ಎನ್ನುವುದರ ಮೇಲಿದೆ. ತಿಳಿನೀರಿನ ಆಳವಿಲ್ಲದ ಜಾಗದಲ್ಲಿ ಮೀನನ್ನು ಕಣ್ಣಾರೆ ಕಂಡು ಅದರ ಮುಂದೆ ಗಾಳ ಎಸೆಯುವ ಪದ್ಧತಿಗೆ ನಡುಹಗಲೇ ಬೇಕು. ಬೆಳಿಗ್ಗೆ ಓರೆ ಬಿಸಿಲು ನೀರಿನ ಮೇಲೆ ಹೊಳೆದು ಒಳಗಿನದನ್ನು ಕಾಣಗೊಡುವುದಿಲ್ಲ. ಸೂರ್ಯ ಮೇಲೇರಿದಾಗ, ಬೆನ್ನಿಗೆ ಬಿಸಿಲಿಟ್ಟು, ಪೋಲರೈಸ್ಡ್ ಕನ್ನಡಕ ಹಾಕಿಕೊಂಡರೆ ತಳದ ಮರಳಿನ ಮೇಲೆ ಮೀನಿನ ನೆರಳು ಕೂಡ ಕಾಣುತ್ತದೆ. ಆಳಕಡಲಲ್ಲಿ ಮಾಹಿ ಮಾಹಿ, ಮರ್ಲಿನ್‌ಗಳಿಗೆ ಓಡುವ ದೋಣಿಯ ಹಿಂದೆ ಗಾಳ ಎಳೆಯುವವರಿಗೂ ನಡುಹಗಲು ಕೆಟ್ಟದ್ದಲ್ಲ. ಅವು ಕಣ್ಣಿನಿಂದ ಬೇಟೆಯಾಡುವ ಮೀನುಗಳು. ತಳದ ಮೀನಿಗಂತೂ ಬೆಳಕಿಗಿಂತ ಹರಿವು ಮುಖ್ಯ.

ತೀರದ ಹತ್ತಿರ ಮೇಲುನೀರಿನಲ್ಲಿ ಅಂಜಲ್ ಹಿಡಿಯುವ ಆಸೆಯಿದ್ದರೆ ಮಾತ್ರ ಈ ಪಾಳಿ ಬೇಡ. ಹೋಗಲೇಬೇಕಾದರೆ ಗಾಳವನ್ನು ಇನ್ನಷ್ಟು ಆಳಕ್ಕೆ ಇಳಿಸಿ, ಗಾಳಕ್ಕೆ ಕಟ್ಟುವ ಕೊನೆಯ ಎಳೆಯನ್ನು ತೆಳುವಾದದ್ದು ಮಾಡಿ; ಪ್ರಖರ ಬೆಳಕಿನಲ್ಲಿ ದಪ್ಪ ಎಳೆ ಮೀನಿನ ಕಣ್ಣಿಗೆ ಬೀಳುತ್ತದೆ. 10ರಿಂದ 4ರವರೆಗೆ ಬಿಸಿಲು ಚರ್ಮ ಸುಡುವ ಹೊತ್ತು, ನೀರಿನಿಂದ ಪ್ರತಿಫಲಿಸುವುದೂ ಸೇರುತ್ತದೆ. ತುಂಬುತೋಳಿನ ಅಂಗಿ, ಅಂಚು ಅಗಲವಾದ ಟೋಪಿ, ಒಬ್ಬರಿಗೆ ಕನಿಷ್ಠ 2 ಲೀಟರ್ ನೀರು ಜೊತೆಗಿರಲಿ.

ಪ್ರಶ್ನೆ: ರಾತ್ರಿ ಪಾಳಿಯಲ್ಲಿ ನಿಜವಾಗಿ ಹೆಚ್ಚು ಸಿಗುತ್ತದೆಯೇ?

ಉತ್ತರ: ಕೆಲವು ಮೀನುಗಳಿಗೆ ಹೌದು. ಕತ್ತಿಮೀನು ಹಗಲು 400-600 ಮೀಟರ್ ಆಳದಲ್ಲಿದ್ದು ರಾತ್ರಿ ಮೇಲುನೀರಿಗೆ ಬರುತ್ತದೆ. ಹಲವು ಬಗೆಯ ಸ್ನ್ಯಾಪರ್‌ಗಳು ಹಗಲು ಬಂಡೆಗೆ ಅಂಟಿಕೊಂಡಿದ್ದು ಕತ್ತಲಾದ ಮೇಲೆ ಮೇಯಲು ಹೊರಡುತ್ತವೆ. ಬೊಂಡಾಸ್ (ಸ್ಕ್ವಿಡ್) ಹಿಡಿಯುವುದಂತೂ ದೀಪದ ಬೆಳಕಿಗೇ. ದೀಪ ನೀರಿಗೆ ತಿರುಗಿಸಿ ಅರ್ಧ ಮುಕ್ಕಾಲು ಗಂಟೆ ತಾಳ್ಮೆಯಿಂದಿರಿ. ಮೊದಲು ಸೂಕ್ಷ್ಮಜೀವಿಗಳು, ಅವುಗಳ ಹಿಂದೆ ಸಣ್ಣ ಮೀನು, ಆಮೇಲೆ ಬೊಂಡಾಸ್. ಅದು ಬೆಳಕಿನ ನಡುವೆ ಬರುವುದಿಲ್ಲ, ಬೆಳಕು ಮುಗಿದು ಕತ್ತಲೆ ಶುರುವಾಗುವ ಅಂಚಿನಲ್ಲಿ ನಿಲ್ಲುತ್ತದೆ. ಗಾಳ ಬೀಳಬೇಕಾದದ್ದು ಆ ಅಂಚಿಗೆ. ದೀಪದ ಬೇಟೆಗೆ ಅಮಾವಾಸ್ಯೆಯ ಸುತ್ತಿನ ರಾತ್ರಿಗಳು ಒಳ್ಳೆಯವು. ಬೆಳದಿಂಗಳಲ್ಲಿ ಎಲ್ಲೆಡೆ ಬೆಳಕಿರುವುದರಿಂದ ನಿಮ್ಮ ದೀಪದ ಸೆಳೆತ ತಗ್ಗುತ್ತದೆ. ಕೆಲಸಕ್ಕೆ ಕೆಂಪು ಬೆಳಕಿನ ತಲೆದೀಪ ಇಟ್ಟುಕೊಳ್ಳಿ. ಬಿಳಿ ಬೆಳಕು ಒಮ್ಮೆ ಕಣ್ಣಿಗೆ ಹೊಡೆದರೆ ಕತ್ತಲೆಗೆ ಕಣ್ಣು ಮತ್ತೆ ಹೊಂದಲು 20-30 ನಿಮಿಷ ಬೇಕು.

ಮೊದಲ ಸಲದವರಿಗೆ ರಾತ್ರಿ ಪಾಳಿ ನಾವು ಹೇಳುವುದಿಲ್ಲ. ಚೂಪಾದ ಗಾಳ, ಒದ್ದೆ ಹಲಗೆ, ಕತ್ತಲೆ ಈ ಮೂರೂ ಸೇರಿದ ಕಡೆ ಅಭ್ಯಾಸವಿಲ್ಲದ ಕೈ ಇರಬಾರದು.

ಪ್ರಶ್ನೆ: ಚಂದ್ರ ನೆತ್ತಿಗೆ ಬರುವ ಹೊತ್ತಿಗೆ ಮೀನು ಕಚ್ಚುತ್ತದೆ ಎನ್ನುವ ಆ್ಯಪ್‌ಗಳಿವೆ. ವಾಯುಭಾರ ಇಳಿದರೂ ಕಚ್ಚುತ್ತದಂತೆ. ನಂಬಬಹುದೇ?

ಉತ್ತರ: ಚಂದ್ರನ ಲೆಕ್ಕ ಅಮೆರಿಕದ ಜಾನ್ ಆಲ್ಡನ್ ನೈಟ್ 1926ರಲ್ಲಿ ರೂಪಿಸಿದ್ದು. ಚಂದ್ರ ನೆತ್ತಿಯ ಮೇಲೆ ಅಥವಾ ಸರಿಯಾಗಿ ಪಾದದ ಕೆಳಗೆ ಇರುವಾಗ ಸುಮಾರು ಎರಡು ಗಂಟೆ, ಹುಟ್ಟುವಾಗ ಮುಳುಗುವಾಗ ಸುಮಾರು ಒಂದು ಗಂಟೆ ಮೀನು ಚುರುಕಾಗುತ್ತದೆ ಎಂಬುದು ಅದರ ಸಾರ. ಕಡಲಿನಲ್ಲಿ ಉಬ್ಬರ ಇಳಿತಗಳೇ ಚಂದ್ರನನ್ನು ಹಿಂಬಾಲಿಸುವುದರಿಂದ ಈ ಲೆಕ್ಕ ಆಗಾಗ ಸರಿ ಹೊಂದಿದಂತೆ ಕಾಣುತ್ತದೆ. ಹರಿವು, ಗಾಳಿ, ಬೆಳಕು ಮೂರೂ ಸಮವಾಗಿರುವ ಎರಡು ದಿನಗಳ ನಡುವೆ ಆರಿಸಬೇಕಾದರೆ ಅದನ್ನು ನೋಡಿ, ಅದಕ್ಕಿಂತ ಮೊದಲು ಬೇಡ.

ವಾಯುಭಾರದ ಲೆಕ್ಕ ಹೀಗೆ: 1 ಹೆಕ್ಟೊಪಾಸ್ಕಲ್ ಒತ್ತಡ ಸುಮಾರು 1 ಸೆಂಟಿಮೀಟರ್ ನೀರಿನ ಭಾರಕ್ಕೆ ಸಮ. ಹವಾಮಾನ ಕೆಟ್ಟು 20 ಹೆಕ್ಟೊಪಾಸ್ಕಲ್ ಇಳಿದರೂ ಮೀನಿಗೆ ಅದು 20 ಸೆಂಟಿಮೀಟರ್ ಮೇಲೆ ಈಜಿದಷ್ಟೇ. ಒತ್ತಡ ಇಳಿಯುವಾಗ ಜೊತೆಗೆ ಬರುವ ಮೋಡ, ಗಾಳಿ, ಕಲಕಿದ ನೀರು ಇವು ಬದಲಾವಣೆ ತರುತ್ತವೆ ಎನ್ನುವುದು ಹೆಚ್ಚು ಸರಿ.

ಪ್ರಶ್ನೆ: ಮಗನಿಗೆ 9 ವರ್ಷ, ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುತ್ತಾನೆ. ಅವನನ್ನು ಕರೆದೊಯ್ಯುವುದಾದರೆ ಯಾವ ಹೊತ್ತು?

ಉತ್ತರ: ಬೆಳಗಿನ ಹೊತ್ತು, 3-4 ಗಂಟೆ ಮೀರದ ಪಾಳಿ, ತೀರದ ಹತ್ತಿರದ ಜಾಗ. ಓಡುವ ದೋಣಿಗಿಂತ ಲಂಗರು ಹಾಕಿ ನಿಂತ ದೋಣಿ ಹೆಚ್ಚು ತೊಳಸುತ್ತದೆ. ಆದ್ದರಿಂದ ಗಾಳ ಎಳೆಯುತ್ತ ಸಾಗುವ ಬೇಟೆ ಅವನಿಗೆ ವಾಸಿ. ಹೊರಡುವ ಒಂದೂವರೆ ಗಂಟೆ ಮೊದಲು ಎಣ್ಣೆ ಇಲ್ಲದ ಹಗುರ ತಿಂಡಿ ಕೊಡಿ, ಬರಿಹೊಟ್ಟೆಯೂ ಕೆಟ್ಟದ್ದೇ. ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಬೇಕು, ಅದೂ ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲು. ಸಂಕಟ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಇಂಜಿನ್ ಹೊಗೆಯಿಂದ ದೂರ, ದೋಣಿಯ ನಡುಭಾಗದಲ್ಲಿ, ಕಣ್ಣು ದಿಗಂತದ ಮೇಲಿರುವಂತೆ ನಿಲ್ಲಿಸಿ. ಮೊಬೈಲ್ ಕೊಡಲೇಬೇಡಿ.

ಪ್ರಶ್ನೆ: ಅರ್ಧ ದಿನಕ್ಕೂ ಪೂರ್ತಿ ದಿನಕ್ಕೂ ಗಾಳ ಹಾಕಲು ಸಿಗುವ ಹೊತ್ತು ಎಷ್ಟು ವ್ಯತ್ಯಾಸ?

ಉತ್ತರ: ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. 5 ಗಂಟೆಯ ಪಾಳಿ, ಮೀನಿನ ಜಾಗ 15 ನಾಟಿಕಲ್ ಮೈಲಿ, ದೋಣಿಯ ವೇಗ 15 ನಾಟ್ (ಗಂಟೆಗೆ 15 ನಾಟಿಕಲ್ ಮೈಲಿ) ಅನ್ನಿ. ಹೋಗಲು ಒಂದು ಗಂಟೆ, ಬರಲು ಒಂದು. ಜೀವಂತ ಎರೆ (ಗಾಳಕ್ಕೆ ಚುಚ್ಚುವ ಸಣ್ಣ ಮೀನು) ಹಿಡಿಯಲು ದಾರಿಯಲ್ಲಿ 30-45 ನಿಮಿಷ. ಉಳಿಯುವುದು ಎರಡೂಕಾಲು ಗಂಟೆ. ಅದೇ 8 ಗಂಟೆಯ ಪಾಳಿಯಾದರೆ ಐದೂಕಾಲು ಗಂಟೆ. ಒಂದೂವರೆ ಪಟ್ಟು ಹೊತ್ತಿಗೆ ಎರಡು ಪಟ್ಟಿಗೂ ಮೀರಿ ಗಾಳ ನೀರಿನಲ್ಲಿರುತ್ತದೆ, ಜೊತೆಗೆ ಹರಿವು ಒಮ್ಮೆ ತಿರುಗುವುದೂ ಬಹುಮಟ್ಟಿಗೆ ಸಿಗುತ್ತದೆ. ದೂರದ ಜಾಗಕ್ಕೆ ಅರ್ಧ ದಿನ ಹಿಡಿಯಬೇಡಿ. 3-4 ಮೈಲಿಯೊಳಗಿನ ಬಂಡೆಗೆ ಅರ್ಧ ದಿನ ಧಾರಾಳ ಸಾಕು.

ಎರೆಯನ್ನು ಯಾರು, ಯಾವಾಗ ಹಿಡಿಯುತ್ತಾರೆಂದು ಮೊದಲೇ ಕೇಳಿ. ಸಣ್ಣ ಮೀನು ನಸುಕಿನಲ್ಲಿ ಸುಲಭವಾಗಿ ಸಿಗುತ್ತದೆ, ಬಿಸಿಲೇರಿದರೆ ಚದುರಿ ಆಳಕ್ಕೆ ಹೋಗುತ್ತದೆ. ಮಧ್ಯಾಹ್ನದ ಪಾಳಿಯವರಿಗೆ ಎಷ್ಟೋ ಸಲ ಬೆಳಗಿನವರು ಉಳಿಸಿದ, ತೊಟ್ಟಿಯಲ್ಲಿ ಬಳಲಿದ ಎರೆಯೇ ಗತಿ. ಒಂದು ಬದಿಗೆ ವಾಲಿ ಈಜುವ ಎರೆಯನ್ನು ಗಾಳಕ್ಕೆ ಚುಚ್ಚಿ ಪ್ರಯೋಜನವಿಲ್ಲ. ಅದನ್ನು ಕತ್ತರಿಸಿ ತಳದ ಗಾಳಕ್ಕೆ ಬಳಸಿ.

ಪ್ರಶ್ನೆ: ಹೊತ್ತು, ದಿನ ಎಲ್ಲ ಗೊತ್ತುಮಾಡಿದ ಮೇಲೆ ಹವಾಮಾನ ಕೆಟ್ಟರೆ ಯಾವ ಹಂತದಲ್ಲಿ ಬಿಡಬೇಕು? ಮೀನು ಸಿಕ್ಕರೆ ಮನೆವರೆಗೆ ಕೆಡದಂತೆ ತರುವುದು ಹೇಗೆ?

ಉತ್ತರ: ಹಿಂದಿನ ದಿನ ಒಮ್ಮೆ, ಹೊರಡುವ ಮುಂಚೆ ಒಮ್ಮೆ ಮುನ್ಸೂಚನೆ ನೋಡಿ. ಗಾಳಿ 10 ನಾಟ್‌ವರೆಗೆ ಹಿತ. 15 ಆದರೆ ಎಲ್ಲೆಡೆ ಬಿಳಿನೊರೆ ಏಳುತ್ತದೆ, ಹೊಸಬರಿಗೆ ಕಷ್ಟ. 20 ಎಂದಿದ್ದರೆ ಸಣ್ಣ ದೋಣಿಯ ಪಾಳಿಯನ್ನು ಮುಂದೂಡಿ. ಅಲೆಯ ಎತ್ತರದ ಜೊತೆಗೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ಓದಿ: 1 ಮೀಟರ್ ಅಲೆ 10 ಸೆಕೆಂಡಿಗೊಮ್ಮೆ ಬಂದರೆ ದೋಣಿ ತೊಟ್ಟಿಲಂತೆ ಏರಿಳಿಯುತ್ತದೆ, ಅದೇ ಅಲೆ 4 ಸೆಕೆಂಡಿಗೊಮ್ಮೆ ಬಂದರೆ ಸೊಂಟ ಮುರಿಯುತ್ತದೆ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ. ಕಾರ್ಬನ್ ಫೈಬರ್‌ನ ಗಾಳದ ಕೋಲುಗಳು ವಿದ್ಯುತ್ತನ್ನು ಹರಿಯಗೊಡುತ್ತವೆ, ಅವನ್ನು ತಕ್ಷಣ ಕೆಳಗೆ ಮಲಗಿಸಿ ದೋಣಿಯನ್ನು ದಡಕ್ಕೆ ತಿರುಗಿಸಿ.

ಮೀನಿನ ವಿಷಯದಲ್ಲಿ ಬೆಳಗಿನ ಪಾಳಿಯವರಿಗೇ ಹೆಚ್ಚು ಎಚ್ಚರ ಬೇಕು, ಅವರು ದಡ ಸೇರುವುದು ಬಿಸಿಲು ಏರಿದ ಮೇಲೆ. ಟ್ಯೂನ, ಬಂಗುಡೆಯ ಜಾತಿಯ ಮೀನು ಬಿಸಿಯಲ್ಲಿ ಬಿದ್ದಿದ್ದರೆ ಮಾಂಸದಲ್ಲಿ ಹಿಸ್ಟಮಿನ್ ಕೂಡುತ್ತದೆ, ತಿಂದವರಿಗೆ ಮುಖ ಕೆಂಪೇರಿ, ತಲೆನೋವು, ದದ್ದು ಬರುತ್ತವೆ. ಬೇಯಿಸಿದರೂ ಅದು ಹೋಗುವುದಿಲ್ಲ. ಹಿಡಿದ ಕೂಡಲೇ ಕಿವಿರಿನ ಬಳಿ ಕೊಯ್ದು ರಕ್ತ ಬಸಿಯಿರಿ, ಎರಡು ಪಾಲು ಐಸ್ ಚೂರಿಗೆ ಒಂದು ಪಾಲು ಕಡಲನೀರು ಬೆರೆಸಿದ ಪೆಟ್ಟಿಗೆಯಲ್ಲಿ ಮುಳುಗಿಸಿ. ದಡದಲ್ಲಿ ಕರುಳು ತೆಗೆದು, ಹೊಟ್ಟೆಯೊಳಕ್ಕೂ ಐಸ್ ತುಂಬಿ, ನೀರು ಬಸಿದ ಪೆಟ್ಟಿಗೆಯಲ್ಲಿ ಒಂದು ಪದರ ಐಸ್, ಒಂದು ಪದರ ಮೀನು ಎಂದು ಜೋಡಿಸಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಕಡಿಮೆಯಾಗದಿರಲಿ. ಅದನ್ನು ಹೊರಡುವ ಹಿಂದಿನ ಸಂಜೆಯೇ ತಂದಿಟ್ಟುಕೊಳ್ಳಿ, ನಸುಕಿನಲ್ಲಿ ಐಸ್ ಹುಡುಕಿಕೊಂಡು ಹೋದರೆ ಬೆಳಗಿನ ಆ ಒಂದು ಗಂಟೆಯೇ ಕೈತಪ್ಪುತ್ತದೆ.